ಹಂಪವ್ವ ಕೌದಿ

ನಮ್ಮೂರಿನಲ್ಲಿ ಬೋರ್ಡಿಗೆ ಏರಿದ ಹೆಸರು ಮನುಷ್ಯರ ಪಾಲಿಗೆ ಉಳಿಯುವುದಿಲ್ಲ. ಬೆಳಿಗ್ಗೆ ಅಂಗಡಿಯ ಮೇಲೆ ಹಲಗೆ ಹೊಡೆದರೆ ಮಧ್ಯಾಹ್ನದ ಊಟದ ಹೊತ್ತಿಗೆ ಆ ಹೆಸರು ಅಂಗಡಿಯದೇ ಆಗಿರುತ್ತದೆ. ಅಲ್ಲಿಯವರೆಗೆ ಅದು ಯಾರದಿತ್ತೋ ಅವರನ್ನು ಕೂಗಲು ಹೋದರೆ ನಾಲಿಗೆ ಏಳುವುದಿಲ್ಲ, ಅವರಿಗೊಂದು ಕಾಗದ ಬರೆಯಲು ಕೂತರೆ ಕೈ ಓಡುವುದಿಲ್ಲ. ಅಂಗಡಿಯ ಹೆಸರು ಅಂತ ಹೇಳುವುದಾದರೆ ಮಾತ್ರ ಸರಾಗವಾಗಿ ಬರುತ್ತದೆ. ಇದು ಯಾಕೆ ಹೀಗೆ ಎಂದು ನಾವು ಯಾರೂ ತಲೆ ಕೆಡಿಸಿಕೊಂಡಿಲ್ಲ. ಸೆಖೆ ಯಾಕೆ ಎಂದು ಕೇಳುತ್ತಾ ಕೂಡುವುದಕ್ಕಿಂತ ಬೀಸಣಿಗೆ ಹುಡುಕುವುದು ಮೇಲು.

ಬಸ್ ನಿಲ್ದಾಣದ ಎದುರು ಚಹಾದ ಹೋಟೆಲ್ ಇಟ್ಟ ಸಂಕಪ್ಪ ಪ್ರೀತಿ ಉಕ್ಕಿ ಹೆಂಡತಿಯ ಹೆಸರನ್ನೇ ಬರೆಸಿದ. ಪಾಪ ಅವಳ ಹೆಸರು ಹೋಯಿತಲ್ಲ ಎಂದು ನಾವು ಮರುಗಲು ಹೋದರೆ ಅವಳು, "ಮೊದಲೂ ‘ಏ ಇಕಿ’ ಅಂತಿದ್ದ, ಈಗೂ ‘ಏ ಇಕಿ’ ಅಂತಾನ. ನನಗೇನ ಫರಕ ಬಿದ್ದಿಲ್ಲ ಬಿಡ್ರಿ" ಅಂದಳು. ಊರ ಪಕ್ಕದ ನದಿಯ ಹೆಸರನ್ನು ಒಂದು ಛಾಪಖಾನೆಯವರು ಎತ್ತಿಕೊಂಡಿದ್ದಾರೆ. ನಾವು ಅದನ್ನು ಬರೀ ಹೊಳೆ ಎನ್ನುತ್ತೇವೆ. ಮಕ್ಕಳು ಭೂಗೋಳದ ಪರೀಕ್ಷೆಯಲ್ಲಿ ಆ ಜಾಗ ಖಾಲಿ ಬಿಡುತ್ತಾರೆ, ಮಾಸ್ತರರು ಪೂರ್ತಿ ಅಂಕ ಕೊಡುತ್ತಾರೆ. ನಮ್ಮ ಮಾವನವರ ಕಾಲದಲ್ಲಿ ಒಬ್ಬ ಮಿಠಾಯಿಯವನು ಊರದೇವಿಯ ಹೆಸರಿಗೇ ಕೈ ಹಾಕಿದ್ದನಂತೆ. ಆ ಸಂಜೆ ಪೂಜಾರಿ ಆರತಿ ಹಿಡಿದು ಬಾಯಿ ತೆರೆದು ನಿಂತವನು ನಿಂತೇ ಇದ್ದ, ಕರ್ಪೂರ ಉರಿದು ಮುಗಿಯಿತು. ಮಿಠಾಯಿಯವನು ತಾನೇ ಓಡಿಹೋಗಿ ಹಲಗೆ ಇಳಿಸಿ ಬೋರಲು ಹಾಕಿದ. ಹಾಗೆ ಹಾಕಿದರೆ ಬರುವ ಅಮಾವಾಸ್ಯೆಯೊಳಗೆ ಹೆಸರು ಮರಳಿ ಬರುತ್ತದೆ. ಅದು ನಮ್ಮೂರಿನ ಒಂದು ಸಮಾಧಾನ.

ಬುದ್ಧಿವಂತರು ಸತ್ತವರ ಹೆಸರು ಇಡುತ್ತಾರೆ. ಸತ್ತವರನ್ನು ಯಾರು ಕೂಗಬೇಕು? ಆದರೆ ಎಲ್ಲರೂ ಅದೇ ಬುದ್ಧಿ ಓಡಿಸಿದ್ದರಿಂದ ಪೇಟೆಯ ಉದ್ದಕ್ಕೂ ಅಜ್ಜಂದಿರೇ ನೇತಾಡುತ್ತಿದ್ದಾರೆ. ನಮ್ಮ ಮಾವನ ಹೆಸರು ಅವರು ತೀರಿಕೊಂಡ ವರ್ಷವೇ ನಮ್ಮ ಭಾವನ ಹಿಟ್ಟಿನ ಗಿರಣಿಗೆ ಹೋಯಿತು. ನನ್ನ ಸರದಿ ಬರುವಷ್ಟರಲ್ಲಿ ನಮ್ಮ ಎರಡೂ ಮನೆತನಗಳಲ್ಲಿ ಒಂದು ಸತ್ತ ಹೆಸರೂ ಉಳಿದಿರಲಿಲ್ಲ.

ನನ್ನದು ಕೌದಿಯ ವ್ಯಾಪಾರ. ಹಳೆಯ ಸೀರೆ, ಧೋತರಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಕೈಯಿಂದ ಸಾಲು ಸಾಲಾಗಿ ಹೊಲಿದರೆ ಕೌದಿ. ನನಗೆ ಅದನ್ನು ಕಲಿಸಿದವರು ನನ್ನ ಅತ್ತೆ, ನಮ್ಮವರ ತಾಯಿ. ಅವರ ಹೆಸರು ಯಾವುದು ಎಂದು ಕೇಳಬೇಡಿ. ಈ ಕಥೆಯ ತಲೆಬರಹಕ್ಕೆ ಬೆರಳು ಮಾಡಿ ತೋರಿಸಬಲ್ಲೆ, ಅಷ್ಟೇ. ಅಲ್ಲಿ ಅದು ಅಂಗಡಿಯ ಹೆಸರು, ಅದಕ್ಕೇ ಬರೆಯಲು ಬಂತು. ಇನ್ನು ಕೊನೆಯವರೆಗೆ ಅವರನ್ನು ಅತ್ತೆ ಎಂದೇ ಅನ್ನಬೇಕು, ಬೇರೆ ದಾರಿ ನಾನೇ ಮುಚ್ಚಿಬಿಟ್ಟಿದ್ದೇನೆ.

ವ್ಯಾಪಾರ ಮಾಡಬೇಕೆಂಬ ಹುಚ್ಚು ಮೊದಲಿನಿಂದ ಇರಲಿಲ್ಲ. ಶಾಲೆಯ ಪರೀಕ್ಷೆಗೆ ಮೇಲ್ವಿಚಾರಕಿಯಾಗಿ ಪರವೂರಿನಿಂದ ಬಂದ ಒಬ್ಬ ಟೀಚರು ಮೂರು ದಿನ ನಮ್ಮಲ್ಲಿ ಉಳಿದರು. ಅತ್ತೆ ಹೊಲಿದ ಕೌದಿ ಹೊದ್ದು ಮಲಗಿದರು. ಹೋಗುವಾಗ ಅದನ್ನೇ ಕೊಡಿ ಎಂದು ಹಟ ಹಿಡಿದು ಒಯ್ದರು. ತಿಂಗಳೊಳಗೆ ಅವರ ಗೆಳತಿಯರಿಂದ ಆರು ಕೌದಿಗೆ ಕೇಳಿಕೆ ಬಂತು. ನೆಟ್ಟಿನಲ್ಲಿ ಒಂದು ಅಂಗಡಿ ತೆರೆಯಿರಿ, ಜನ ಮುಗಿಬೀಳುತ್ತಾರೆ ಎಂದು ಟೀಚರು ಬರೆದರು. ನಮ್ಮೂರಿನಲ್ಲಿ ಕೌದಿ ಕೊಳ್ಳುವವರಿಲ್ಲ, ಎಲ್ಲರ ಮನೆಯಲ್ಲೂ ಮಡಚಿಟ್ಟ ರಾಶಿ ಇದೆ. ಹೊರಗೆ ಅದಕ್ಕೆ ಇಷ್ಟು ಮರ್ಯಾದೆ ಇದೆ ಎಂದು ತಿಳಿದಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ನೆಟ್ಟಿನ ಕೆಲಸಕ್ಕೆ ನಮ್ಮಲ್ಲಿ ಇರುವವನು ದಸ್ತಗೀರ ಒಬ್ಬನೇ. ಝೆರಾಕ್ಸು, ಕಂಪ್ಯೂಟರು, ಬಸ್ಸಿನ ಟಿಕೆಟ್ಟು ಎಲ್ಲ ಅವನದೇ. ಹೆಸರಿನ ಗೋಜೇ ಬೇಡ ಎಂದು ಅಂಗಡಿಗೆ ಬರೀ ಬಿಳಿ ಹಲಗೆ ಹೊಡೆದಿದ್ದಾನೆ. ನನ್ನ ಮಾತು ಕೇಳಿದವನೇ ಸ್ಟೂಲು ಎಳೆದು ಕೂರಿಸಿ, "ಅಕ್ಕಾರ, ಮೊದಲ ಹೆಸರು ಹೇಳ್ರಿ, ಉಳಿದದ್ದೆಲ್ಲ ಆಮ್ಯಾಲ" ಅಂದ. ಹೆಸರು ಇನ್ನೂ ಇಲ್ಲ ಅಂದೆ. "ಹಂಗಾರ ಕೇಳ್ರಿ. ನೆಟ್ಟಿನ ವಿಳಾಸ ಅಂದ್ರ ಸಣ್ಣದಿರಬೇಕು. ಫೋನಿನ್ಯಾಗ ಒಮ್ಮೆ ಹೇಳಿದ್ರ ಕೇಳಿದವರು ತಪ್ಪಿಲ್ಲದ ಒತ್ತಬೇಕು. ನಾಳೆ ನೀವು ಕೌದಿ ಜೋಡಿ ಪರದೆ, ಚೀಲ ಮಾರಿದ್ರೂ ಅದು ಹೊಂದಬೇಕು. ಎಲ್ಲಾಕ್ಕಿಂತ ದೊಡ್ಡದು, ಜಗತ್ತಿನ್ಯಾಗ ಬ್ಯಾರೆ ಯಾರೂ ಅದನ್ನ ತಗೊಂಡಿರಬಾರದು. ಒಂದು ಹೆಸರಿಗೆ ಒಬ್ಬರ ಮಾಲಕರು." ಹಾಗಾದರೆ ಜಗತ್ತೂ ನಮ್ಮೂರಿನ ಹಾಗೇ ಆಯಿತು ಬಿಡು ಎಂದು ನಾನು ನಕ್ಕೆ.

ನಗು ಬಹಳ ದಿನ ಉಳಿಯಲಿಲ್ಲ. ಮಗಳ ಹಳೆಯ ನೋಟುಬುಕ್ಕಿನ ಹಿಂದಿನ ಪುಟಗಳಲ್ಲಿ ಹೆಸರು ಬರೆಯುವುದು, ಮಾರನೆಯ ದಿನ ದಸ್ತಗೀರನ ಮುಂದೆ ಓದುವುದು, ಅವನು ಕಂಪ್ಯೂಟರಿನಲ್ಲಿ ಒತ್ತಿ "ಹೋಗೇತ್ರಿ" ಅನ್ನುವುದು. ಹೊದಿಕೆ, ಹೋಗಿತ್ತು. ಜೋಗುಳ, ಹೋಗಿತ್ತು. ಇನ್ನು ಯಾವುದು ಖಾಲಿ ಇತ್ತೋ ಅದನ್ನು ಕೊಡಲು ನಮಗೆ ಆಗುತ್ತಿರಲಿಲ್ಲ. ಸೂಜಿದಾರ ಎಂದು ಇಟ್ಟರೆ ನಾಳೆ ಅಂಗಡಿಗೆ ಹೋಗಿ ಏನು ಕೊಡು ಎಂದು ಕೇಳಬೇಕು? ಬೆಚ್ಚಗೆ ಎಂಬುದು ಖಾಲಿ ಇತ್ತು. ನಮ್ಮವರು ಬೇಡವೇ ಬೇಡ ಅಂದರು, "ನಾಳೆ ನೀರು ಬೆಚ್ಚಗೈತಿ ಅಂತ ಹೆಂಗ ಹೇಳ್ತಿ? ಕೂಸು ಹುಟ್ಟೂ ಮೊದಲ ಕುಲಾವಿ ಹೊಲಿಯಾಕ ಹತ್ತೀದಿ, ಅದರಾಗ ಊರಿನ ಬಾಯಿಗೆ ಬೀಗ ಬ್ಯಾರೆ." ಅವ್ವ ಎಂಬ ಮಾತನ್ನು ಬೋರ್ಡಿಗೆ ಏರಿಸುವ ಪಾಪಿ ನಮ್ಮೂರಿನಲ್ಲಿ ಇನ್ನೂ ಹುಟ್ಟಿಲ್ಲ.

ಹದಿನೈದು ದಿನ ಹೀಗೇ ಕಳೆದ ಮೇಲೆ ದಸ್ತಗೀರನೇ ಒಂದು ದಾರಿ ಹೇಳಿದ. ಮನುಷ್ಯರ ಹೆಸರಿಡಿ, ಅದೂ ಸ್ವಲ್ಪ ಹಳೆಯ ಕಾಲದ್ದು, ಹೊರಗಿನ ಜನಕ್ಕೆ ಅಂಥ ಹೆಸರು ಕಂಡರೆ ಬಹಳ ನಂಬಿಕೆ ಎಂದ. ಮನೆಯ ಹೆಂಗಸರ ಹೆಸರು ಕೇಳಿದ. ನನ್ನದು ಹೇಳಿದೆ, ಅತ್ತೆಯದು ಹೇಳಿದೆ. ಎರಡನ್ನೂ ಒತ್ತಿ ನೋಡಿ ಕಂಪ್ಯೂಟರಿನ ಮುಖವನ್ನೇ ನನ್ನ ಕಡೆ ತಿರುಗಿಸಿದ. "ಎರಡೂ ಖಾಲಿ ಅದಾವ್ರಿ ಅಕ್ಕಾರ. ಯಾವುದು ಬೇಕೋ ಆರಿಸ್ಕೋರಿ."

ಆ ಸ್ಟೂಲಿನ ಮೇಲೆ ಕೂತು ನಾನು ಎಷ್ಟು ಹೊತ್ತು ಯೋಚಿಸಿದೆ ಎಂದು ಈಗ ಯಾರಾದರೂ ಕೇಳಿದರೆ ತಲೆ ತಗ್ಗಿಸಬೇಕಾಗುತ್ತದೆ. ಒಂದು ಲೋಟ ಚಹಾ ಆರುವಷ್ಟೂ ಅಲ್ಲ. ನನ್ನ ಹೆಸರು ನೀಲಾಂಬಿ. ಅದನ್ನು ಕೂಗುವವರು ಎಷ್ಟು ಮಂದಿ! ತವರಿನಲ್ಲಿ ಅಪ್ಪ, ಅವ್ವ, ಇಲ್ಲಿ ಓಣಿಯ ಗೆಳತಿಯರು, ಯಾರೂ ಇಲ್ಲದಾಗ ಮೆಲ್ಲಗೆ ನಮ್ಮವರೂ. ಕೂಗಿಸಿಕೊಳ್ಳುವುದೆಂದರೆ ನನಗೆ ಇಷ್ಟ, ಸುಳ್ಳು ಯಾಕೆ ಹೇಳಲಿ. ಅತ್ತೆಯನ್ನು ಯಾರು ಹೆಸರು ಹಿಡಿದು ಕರೆಯುತ್ತಾರೆ? ಮೊಮ್ಮಕ್ಕಳಿಗೆ ಆಯಿ, ನನಗೆ ಅತ್ತೆ, ಊರಿಗೆ ಕೌದಿ ಆಯಿ. ಮಾವ ಬದುಕಿದ್ದಾಗಲೂ ‘ಕೇಳಿಲ್ಲಿ’ ಅನ್ನುವುದನ್ನು ಬಿಟ್ಟು ಬೇರೆ ಅಂದವರಲ್ಲ. ಅವರದೇ ಇರಲಿ ಎಂದು ದಸ್ತಗೀರನಿಗೆ ಹೇಳಿ ಎದ್ದು ಬಂದೆ.

ಹಾಗೆಂದು ಕದ್ದು ತೆಗೆದುಕೊಳ್ಳಲಿಲ್ಲ. ನಮ್ಮಲ್ಲಿ ಅದಕ್ಕೊಂದು ಪದ್ಧತಿ ಇದೆ, ಕರೆ ಕೇಳುವುದು ಎನ್ನುತ್ತೇವೆ. ಬದುಕಿರುವವರ ಹೆಸರು ಬೋರ್ಡಿಗೆ ಬೇಕಾದರೆ ಎಲೆ ಅಡಿಕೆಯ ತಟ್ಟೆ ಹಿಡಿದು ಮನೆ ಮನೆಗೆ ಹೋಗಿ, "ಈ ಹೆಸರು ನಿಮ್ಮ ಬಾಯಾಗ ಐತೇನ್ರಿ?" ಎಂದು ಕೇಳಬೇಕು. ಐತಿ ಅಂದವರಿಗೆ ಎಲೆ ಕೊಟ್ಟು ಒಪ್ಪಿಗೆ ಬೇಡಬೇಕು. ಒಬ್ಬರು ಒಲ್ಲೆ ಅಂದರೂ ಆ ಹೆಸರನ್ನು ಬಿಡಬೇಕು. ನಾನು ನಮ್ಮ ಓಣಿ ಮುಗಿಸಿದೆ, ಹಿಂದಿನ ಓಣಿ ಮುಗಿಸಿದೆ, ಅತ್ತೆಯ ತವರಿನ ಕಡೆಯ ಎರಡು ಮನೆಗೂ ಹೋದೆ. ಎಲ್ಲರೂ ಇಲ್ಲ ಅಂದರು. ಅತ್ತೆಯ ವಾರಿಗೆಯವರಲ್ಲಿ ಉಳಿದಿರುವವರು ತಾರವ್ವ ಒಬ್ಬರು. ಅವರಾದರೂ ತಡೆಯುತ್ತಾರೇನೋ ಎಂದು ಅಳುಕುತ್ತಲೇ ಹೋದೆ. ಅವರು ತಟ್ಟೆಯನ್ನು ನೋಡಿ, "ಹುಡುಗೀರಿದ್ದಾಗ ಕರೀತಿದ್ನೆವ್ವಾ. ಆಮ್ಯಾಲ ನನ್ನ ಮಗಳನ್ನ ಅವರ ಮೈದುನನ ಮನಿಗೆ ಕೊಟ್ಟೆ, ಬೀಗರಾದಿವಿ. ಬೀಗರಿಗೆ ಹೆಸರು ಹಿಡದು ಕರದರ ಚಂದ ಕಾಣತೈತೇನು?" ಅಂದರು.

ಒಂದು ಎಲೆಯೂ ಖರ್ಚಾಗದೆ ತಟ್ಟೆ ಹಾಗೇ ಮನೆಗೆ ಬಂತು. ಅರವತ್ತೆಂಟು ವರ್ಷ ಇದೇ ಊರಿನಲ್ಲಿ ಬದುಕಿದ ಹೆಂಗಸಿನ ಹೆಸರು ಯಾರೊಬ್ಬರ ಬಾಯಲ್ಲೂ ಇಲ್ಲ ಎಂದರೆ ನನಗೆ ಅಳು ಬರಬೇಕಿತ್ತು. ಖುಷಿಯಾಯಿತು. ಆ ಖುಷಿಯನ್ನು ನೆನೆದರೆ ಇವತ್ತಿಗೂ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನ್ನಿಸುತ್ತದೆ.

ಸ್ವಂತ ಮನೆಯಲ್ಲಿ ತಟ್ಟೆ ಹಿಡಿದು ಕೇಳುವ ಪದ್ಧತಿ ಇಲ್ಲ. ಆದರೂ ಅತ್ತೆಯ ಪಕ್ಕದಲ್ಲಿ ಕೂತು, ಅವರು ಸೂಜಿಗೆ ದಾರ ಪೋಣಿಸುವುದು ಮುಗಿಯಲಿ ಎಂದು ಕಾದು, "ಅತ್ತಿ, ಅಂಗಡಿಗೆ ನಿಮ್ಮ ಹೆಸರು ತಗೊಳ್ಳಲೇನ್ರಿ?" ಎಂದು ಕೇಳಿದೆ. ಅತ್ತೆ ನಕ್ಕುಬಿಟ್ಟರು. "ತಗೋ ತಂಗಿ. ಯಾರ ಕರೀತಾರ ನನ್ನ? ಪೆಟ್ಟಿಗ್ಯಾಗ ಮಡಚಿಟ್ಟ ಸೀರಿ ಅದು. ನನಗಂತೂ ಉಡೂ ಕಾಲ ಮುಗೀತು, ನೀನರ ಉಟಗೋ." ಮುಂದೇನಾದೀತೆಂದು ಅವರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಹೇಳುತ್ತಿದ್ದರು, ಹೇಳದೆ ನುಂಗುವ ಜಾತಿಯಲ್ಲ ಅತ್ತೆ.

ಬೋರ್ಡು ಬಂತು. ಹಸಿರು ಬಣ್ಣದ ಮೇಲೆ ಹಳದಿ ಅಕ್ಷರ: ಹಂಪವ್ವ ಕೌದಿ. ಅದೇ ದಿನ ಅದೇ ಹೊತ್ತಿಗೆ ದಸ್ತಗೀರ ನೆಟ್ಟಿನ ವಿಳಾಸವನ್ನೂ ಕಟ್ಟಿಸಿದ. ಅತ್ತೆಗೆ ಓದು ಬಾರದು. ಅಂಗಳದಲ್ಲಿ ನಿಂತು ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿ, ಮೊದಲನೆಯ ಅಕ್ಷರದ ಮುಂದಿನ ಸೊನ್ನೆಗೆ ಬೆರಳು ತೋರಿಸಿ, "ಹಣಿಗೆ ಟಿಕಳಿ ಇಟ್ಟಾರಲ್ಲ! ಚೊಲೋ ಕಾಣತೈತಿ" ಅಂದರು. ದಸ್ತಗೀರನ ಸಲಹೆಯಂತೆ ಬಟ್ಟೆಯ ಚಿಕ್ಕ ಚಿಕ್ಕ ಪಟ್ಟಿಗಳ ಮೇಲೆ ಅದೇ ಹೆಸರು, ಅದೇ ವಿಳಾಸ ಅಚ್ಚು ಹಾಕಿಸಿದೆವು. ಪ್ರತಿ ಕೌದಿಯ ಮೂಲೆಗೆ ಒಂದೊಂದು ಪಟ್ಟಿ ಹೊಲಿಯುವುದು. ಆ ಕೆಲಸವನ್ನು ಅತ್ತೆ ಯಾರಿಗೂ ಬಿಡಲಿಲ್ಲ. ಅಳತೆ ತಪ್ಪದ ಸಣ್ಣ ಹೊಲಿಗೆ ಹಾಕಿ, ತಮ್ಮ ಹೆಸರನ್ನು ಒಂದೊಂದು ಕೌದಿಗೂ ತಾವೇ ಬಿಗಿಯಾಗಿ ಹೊಲಿದರು.

ವ್ಯಾಪಾರ ಕೈ ಹಿಡಿಯಿತು. ಓಣಿಯ ಎಂಟು ಮಂದಿ ಹೆಂಗಸರು ಹೊಲಿಯಲು ಸೇರಿದರು. ದಿನವಿಡೀ ಪಡಸಾಲೆಯಲ್ಲಿ ಮಾತು, ನಗು, ಬಟ್ಟೆಯ ರಾಶಿ, ಫೋನು. ನಾನು ಹೆಸರು, ವಿಳಾಸ ಬರೆದು ಪಾರ್ಸೆಲ್ ಕಟ್ಟುವುದರಲ್ಲಿ ಮುಳುಗಿದ್ದೆ. ಅತ್ತೆ ಮೂಲೆಯಲ್ಲಿ ತಮ್ಮ ಜಾಗದಲ್ಲಿ ಕೂತು ಹೊಲಿಯುತ್ತಿದ್ದರು. ಅವರ ಕೈ ನಿಧಾನವಾಗುತ್ತಾ ಬಂದದ್ದು ಕಂಡಿತ್ತು, ವಯಸ್ಸಾಯಿತು ಅಂದುಕೊಂಡೆ. ಸಾಲು ಸೊಟ್ಟಗಾದದ್ದೂ ಕಂಡಿತು, ಕನ್ನಡಕ ಬದಲಿಸಬೇಕು ಅಂದುಕೊಂಡೆ. ಊಟದ ತಟ್ಟೆಯ ಮುಂದೆ ಅರ್ಧ ರೊಟ್ಟಿ ಹಿಡಿದು ಸುಮ್ಮನೆ ಕೂರುತ್ತಿದ್ದರು. ಹೀಗೆ ಎಂಟು ತಿಂಗಳು, ಇನ್ನೂರ ಮೇಲೆ ಕೌದಿ.

ಒಂದು ಮಧ್ಯಾಹ್ನ ಹೆಂಗಸರೆಲ್ಲ ಊಟಕ್ಕೆ ತಮ್ಮ ಮನೆಗೆ ಹೋಗಿದ್ದಾಗ ಅತ್ತೆ ಸೂಜಿ ಚುಚ್ಚಿಸಿಕೊಂಡರು. ಬೆರಳನ್ನು ಬಾಯಿಗಿಟ್ಟುಕೊಳ್ಳಲಿಲ್ಲ. ಬಾಯಿ ತೆರೆದರು, ತುಟಿ ಅಲುಗಿತು, ಏನೂ ಬರಲಿಲ್ಲ. ಆಮೇಲೆ ಪಡಸಾಲೆಯ ಸುತ್ತ, ಬಾಗಿಲ ಕಡೆ, ಅಡುಗೆಮನೆಯ ಕಡೆ ಕಣ್ಣಾಡಿಸಿ ನನ್ನನ್ನು ಕೇಳಿದರು. "ತಂಗಿ, ಮನ್ಯಾಗ ಯಾರೋ ಒಬ್ಬರು ಕಡಿಮಿ ಆಗ್ಯಾರಲ್ಲ?" ನನಗೆ ತಿಳಿಯಲಿಲ್ಲ. "ಎಲ್ಲಾರೂ ಅದಾರ್ರೀ ಅತ್ತಿ. ಇವರು ಪ್ಯಾಟಿಗೆ ಹೋಗ್ಯಾರ, ಹುಡುಗರು ಸಾಲಿಗೆ ಹೋಗ್ಯಾವ" ಅಂದೆ. ಅತ್ತೆ ತಲೆ ಅಲ್ಲಾಡಿಸಿದರು. "ಅವರಲ್ಲ. ನನ್ನ ಜೋಡಿ ಕುಂದರತಿದ್ದರು. ಸಾಲು ತಪ್ಪಿದ್ರ ಬೈತಿದ್ದರು. ಹೊತ್ತಾತು ಏಳು ಅಂತಿದ್ದರು. ಬಾಳ ದಿನ ಆತು, ದನಿನ ಇಲ್ಲ."

ಆಗ ನನಗೆ ಹೊಳೆಯಿತು.

ಮದುವೆಯಾಗಿ ಬಂದ ಹದಿನಾರು ವರ್ಷ ನಾನು ಆ ದನಿಯನ್ನು ಕೇಳಿದ್ದೆ. ಅತ್ತೆ ತಮ್ಮನ್ನು ತಾವೇ ಹೆಸರು ಹಿಡಿದು ಮಾತಾಡಿಸಿಕೊಳ್ಳುತ್ತಿದ್ದರು. ಬೆಳಿಗ್ಗೆ ಹಾಸಿಗೆಯಲ್ಲಿ ಎದ್ದು ಕೂತು, ಹೆಸರು ಕೂಗಿ, "ಏಳ, ಬಿಸಲು ಬಂತು" ಅನ್ನುವುದು. ಹೊಲಿಗೆ ತಪ್ಪಿದರೆ ಹೆಸರು ಹಿಡಿದು, "ಕಣ್ಣ ಎಲ್ಲಿಟ್ಟಿದ್ದೀ? ಬಿಚ್ಚು, ಬಿಚ್ಚು" ಎಂದು ಗದರುವುದು. ಸಾಲು ನೆಟ್ಟಗೆ ಬಂದರೆ ಅದೇ ಹೆಸರಿಗೊಂದು ಶಹಬ್ಬಾಸ್. ಊಟಕ್ಕೆ ಕೂತಾಗ, "ಇನ್ನೊಂದು ರೊಟ್ಟಿ ತಿನ್ನು, ಯಾರ ನೋಡ್ತಾರ" ಎಂದು ಒತ್ತಾಯ ಮಾಡಿಕೊಳ್ಳುವುದು. ಮಾವನನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನ ನಾನು ನೀರು ತರಲು ಅಡುಗೆಮನೆಗೆ ಹೋದಾಗ ಅವರು ಒಲೆಯ ಮುಂದೆ ಒಬ್ಬರೇ ಕೂತಿದ್ದರು. ತಮ್ಮ ಹೆಸರನ್ನು ಎರಡು ಮೂರು ಸಲ ಮೆಲ್ಲಗೆ ಕರೆದು, "ಸಾಕು, ಅಳಬ್ಯಾಡ. ನಾ ಅದೀನಲ್ಲ" ಅನ್ನುತ್ತಿದ್ದರು. ಇದೆಲ್ಲ ನನ್ನ ಕಿವಿಯ ಮೇಲೇ ಬಿದ್ದಿತ್ತು. ಗಿರಣಿಯ ಪಕ್ಕದ ಮನೆಯವರಿಗೆ ಗಿರಣಿಯ ಸದ್ದು ಕೇಳದ ಹಾಗೆ ನನಗೂ ಕೇಳದೆ ಹೋಗಿತ್ತು. ಅದನ್ನು ಕರೆಯುವುದು ಎಂದು ನಾನು ಎಣಿಸಲೇ ಇಲ್ಲ. ಎರಡು ಓಣಿಯ ಬಾಗಿಲು ತಟ್ಟಿ ಕರೆ ಕೇಳಿದವಳು, ಯಾರ ಬಾಯಲ್ಲಿ ಆ ಹೆಸರು ದಿನವೂ ಆಡುತ್ತಿತ್ತೋ ಅವರೆದುರು ಮಾತ್ರ ತಟ್ಟೆ ಹಿಡಿಯಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆ ಸಂಜೆಯೇ ನಮ್ಮವರಿಗೆ ಹೇಳಿ ಬೋರ್ಡು ಇಳಿಸಿದೆ. ಅಂಗಳದಲ್ಲಿ ಬೋರಲು ಹಾಕಿದೆವು. ಅಮಾವಾಸ್ಯೆಗೆ ಒಂಬತ್ತು ದಿನ ಇತ್ತು. ದಿನಾ ಬೆಳಿಗ್ಗೆ ಅತ್ತೆ ಏಳುವ ಹೊತ್ತಿಗೆ ನಾನು ಕೋಣೆಯ ಬಾಗಿಲಲ್ಲಿ ಕಿವಿಗೊಟ್ಟು ನಿಲ್ಲುತ್ತಿದ್ದೆ. ಹಾಸಿಗೆ ಮಡಚುವ ಸದ್ದು ಬರುತ್ತಿತ್ತು, ಬಳೆಯ ಸದ್ದು ಬರುತ್ತಿತ್ತು, ಅಷ್ಟೇ. ಅಮಾವಾಸ್ಯೆ ಬಂತು, ಹೋಯಿತು.

ದಸ್ತಗೀರನ ಹತ್ತಿರ ಓಡಿದೆ. ನೆಟ್ಟಿನ ಅಂಗಡಿ ಮುಚ್ಚು, ವಿಳಾಸ ಅಳಿಸು ಅಂದೆ. ಅವನು ಮರುಮಾತಾಡದೆ ಎಲ್ಲ ತೆಗೆದುಹಾಕಿದ. ಆದರೂ ಅವನ ಮುಖ ಗೆಲುವಾಗಲಿಲ್ಲ. "ಅಕ್ಕಾರ, ನಂದೂ ತಪ್ಪೈತಿ. ಬೋರ್ಡು ಅಂದ್ರ ಹಲಗಿ ಒಂದ ಅಲ್ಲ. ಇನ್ನೂರು ಮಂದಿ ಮನ್ಯಾಗ ಕೌದಿ ಮೂಲಿಗೆ ಆ ಹೆಸರು ಹೊಲದೈತಿ. ಅದನ್ನ ಯಾರ ಇಳಸಬೇಕು, ಯಾವ ನಿಚ್ಚಣಿಕಿ ಹಚ್ಚಿ?" ಎಂದ. ನಾನು ಬಿಡಲಿಲ್ಲ. ಕೊಂಡವರಿಗೆಲ್ಲ ಒಂದೊಂದು ಪತ್ರ ಹಾಕಿದೆ, ದಯವಿಟ್ಟು ಮೂಲೆಯ ಪಟ್ಟಿ ಬಿಚ್ಚಿ ತೆಗೆಯಿರಿ ಎಂದು. ಯಾಕೆ ಎಂದು ಹೇಳಿದರೆ ನಂಬುತ್ತಿದ್ದರೇ? ಎಲ್ಲರೂ ಒಳ್ಳೆಯ ಜನ, ಪ್ರೀತಿಯಿಂದಲೇ ಉತ್ತರ ಬರೆದರು. ಅಯ್ಯೋ, ಆ ಪಟ್ಟಿಯೇ ಚಂದ, ಅದನ್ನು ಹೇಗೆ ಬಿಚ್ಚುವುದು ಅಂದರು. ಒಬ್ಬರು ಮಗುವಿಗೆ ಹೊದಿಸಿದ ಕೌದಿಯ ಫೋಟೋ ಕಳಿಸಿ, ಮೂಲೆಯ ಹೆಸರು ಕಾಣುವ ಹಾಗೆ ಮಡಚಿದ್ದೇವೆ ನೋಡಿ ಎಂದು ಬರೆದಿದ್ದರು. ಹನ್ನೊಂದು ಜನ ಬಿಚ್ಚಿದರಂತೆ. ಅತ್ತೆಯ ಹೊಲಿಗೆ ಬಹಳ ಗಟ್ಟಿ, ಕತ್ತರಿ ಹಾಕಬೇಕಾಯಿತು ಎಂದು ಅವರಲ್ಲೂ ಇಬ್ಬರು ಹೇಳಿದರು.

ಕೊನೆಗೆ ಅತ್ತೆಯ ಮುಂದೆ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಿಮ್ಮ ಜೊತೆ ಕೂತು ಬೈಯುತ್ತಿದ್ದವರು ಬೇರೆ ಯಾರೂ ಅಲ್ಲ, ನೀವೇ. ಅವರನ್ನು ಮನೆಯಿಂದ ಹೊರಗೆ ಹಾಕಿದವಳು ನಾನು ಎಂದೆ. ನನ್ನ ಹೆಸರೂ ಖಾಲಿ ಇತ್ತು, ಕೊಡಲು ಮನಸ್ಸಾಗಲಿಲ್ಲ, ಅದನ್ನೂ ಹೇಳಿದೆ. ಅವರು ಬೈದಿದ್ದರೆ ನನ್ನ ಎದೆ ಹಗುರಾಗುತ್ತಿತ್ತು. ಕೈಯಲ್ಲಿದ್ದ ತುಂಡು ಬಟ್ಟೆಯನ್ನು ತೊಡೆಯ ಮೇಲೆ ನೀವುತ್ತಾ, "ನಂಗೂ ನೆನಪಾಗಲಿಲ್ಲಲ್ಲ ತಂಗಿ. ನೀ ಕೇಳಿದಾಗ ಯಾರ ಕರೀತಾರ ನನ್ನ ಅಂತ ನಾನ ಅಂದೆ" ಅಂದರು. ನಾನು ಅಳುತ್ತಾ, "ಬ್ಯಾರೆ ಹೆಸರು ಇಟ್ಟುಕೊಳ್ರಿ ಅತ್ತಿ. ಇಬ್ಬರೂ ಕೂಡಿ ಚೊಲೋದೊಂದು ಹುಡುಕೋಣು. ನಂದ ಬೇಕಂದ್ರ ನಂದ ತಗೋರಿ, ನಾ ಹೆಂಗರ ಇರತೀನಿ" ಅಂದೆ. ಅತ್ತೆ ನನ್ನ ಹೆಸರನ್ನು ತಮಗೆ ತಾವೇ ಒಮ್ಮೆ ಹೇಳಿ ನೋಡಿದರು, "ನೀಲಾಂಬಿ, ಏಳ." ಮತ್ತೆ ತಲೆ ಅಲ್ಲಾಡಿಸಿದರು. "ಇಲ್ಲ ತಂಗಿ. ಬ್ಯಾರೆಯವರ ಹೆಸರಿಂದ ಬೈದರ ನನಗ ಹತ್ತೂದಿಲ್ಲ."

ಅಂಗಡಿ ಮತ್ತೆ ತೆರೆಯಿತು. ಎಂಟು ಮನೆಯ ಹೆಂಗಸರು ಬಾಗಿಲಲ್ಲಿ ಬಂದು ನಿಂತಿದ್ದರು, ಇನ್ನೂರು ಮೂಲೆಗಳಲ್ಲಿ ಹೆಸರು ಹಾಗೇ ಇತ್ತು, ನಮ್ಮದೊಂದು ಹಲಗೆ ಬೋರಲು ಬಿದ್ದಿದ್ದರಿಂದ ಯಾರಿಗೂ ಏನೂ ಉಪಯೋಗ ಇರಲಿಲ್ಲ. ಬೇರೆ ಹೆಸರಿಡೋಣ ಎಂದರೆ ಅದೂ ಇನ್ಯಾರದೋ ಬಾಯಿಂದ ಬರಬೇಕು. ಅತ್ತೆಯೇ, "ಹೋದದ್ದು ಹೋತು, ಹಲಗಿ ಯಾಕ ಬಿಸಲಿಗೆ ಹಾಳಾಗಬೇಕು" ಅಂದರು. ಈಗ ಅವರ ಪಕ್ಕ ನಾನು ಕೂರುತ್ತೇನೆ. ಸಾಲು ತಪ್ಪಿದರೆ ಹೇಳುತ್ತೇನೆ, ರೊಟ್ಟಿ ಹಾಕುತ್ತೇನೆ, ಬೆಳಿಗ್ಗೆ ಎಬ್ಬಿಸುತ್ತೇನೆ. ಅತ್ತಿ, ಏಳ್ರಿ, ಬಿಸಲು ಬಂತು ಎನ್ನುತ್ತೇನೆ. ಅವರು ಏಳುತ್ತಾರೆ. ಸೊಸೆ ಕರೆದಳು ಎಂದು ಮರ್ಯಾದೆಗೆ ಏಳುತ್ತಾರೆ.

ಹೋದ ತಿಂಗಳು ದೂರದ ಊರಿನಿಂದ ಒಬ್ಬ ಹೆಂಗಸು ಫೋನು ಮಾಡಿದಳು. ನಮ್ಮೂರನ್ನು ಕಂಡವಳಲ್ಲ, ನಮ್ಮ ಕಟ್ಟುಪಾಡು ಅವಳಿಗೆ ಗೊತ್ತಿಲ್ಲ. ಅವಳ ತಂದೆಗೆ ಬಹಳ ದಿನದಿಂದ ನಿದ್ದೆ ಇರಲಿಲ್ಲವಂತೆ, ನಮ್ಮ ಕೌದಿ ಹೊದ್ದ ಮೇಲೆ ಮಕ್ಕಳ ಹಾಗೆ ಮಲಗುತ್ತಾರಂತೆ. ಹೊಲಿದವರಿಗೆ ಒಂದು ಮಾತು ಹೇಳಬೇಕಿತ್ತು ಎಂದು ಅತ್ತೆಯ ಹೆಸರು ಹೇಳಿ, ಅವರ ಕೈಗೆ ಫೋನು ಕೊಡುತ್ತೀರಾ ಎಂದು ಕೇಳಿದಳು. ಹೆಸರು ಹೇಳಿದಳು! ಅಂಗಡಿಯದಲ್ಲ, ಅತ್ತೆಯದೇ. ನನ್ನ ಕೈಗೆ ಅದನ್ನು ಇಲ್ಲಿ ಬರೆಯಲು ಬಾರದು, ಆದರೆ ಕಿವಿಗೆ ಚೆನ್ನಾಗಿ ಬಿತ್ತು. ಹೊರಗಿನವರ ನಾಲಿಗೆಗೆ ನಮ್ಮ ಕಟ್ಟು ಇಲ್ಲ ಎಂಬುದು ಇಷ್ಟು ದಿನ ನನ್ನ ತಲೆಗೇ ಬಂದಿರಲಿಲ್ಲ. ಒಬ್ಬರಾದರೂ ಕರೆಯುವವರು ಸಿಕ್ಕರಲ್ಲ, ವಾರಕ್ಕೊಮ್ಮೆ ಕರೆಯಿರಿ ಎಂದು ಇವಳ ಕಾಲು ಹಿಡಿದರೂ ಸರಿ ಎಂದುಕೊಂಡು ಓಡಿದೆ.

ಅತ್ತೆ ತಮ್ಮ ಜಾಗದಲ್ಲಿ ಕೂತು ಕೆಂಪು ತುಂಡಿನ ಅಂಚು ಮಡಚುತ್ತಿದ್ದರು. ಮಾತು ನನಗೂ ಕೇಳುವ ಹಾಗೆ ದನಿ ಹೆಚ್ಚಿಸಿ ಫೋನನ್ನು ಅವರ ಕಿವಿಯ ಹತ್ತಿರ ಹಿಡಿದೆ. ಆ ಹೆಂಗಸು ಎಷ್ಟು ಅಕ್ಕರೆಯಿಂದ ಕರೆದಳು! ಒಮ್ಮೆ ಕರೆದಳು, ಉತ್ತರ ಬಾರದಿದ್ದಾಗ ಮತ್ತೊಮ್ಮೆ, ಆಮೇಲೆ ಇನ್ನೂ ಮೆತ್ತಗೆ, ಹೆಸರಿನ ಮುಂದೆ ಅಮ್ಮ ಎಂದು ಸೇರಿಸಿ ಮೂರನೆಯ ಸಲ. ನಾನು ಅತ್ತೆಯ ಮುಖವನ್ನೇ ನೋಡುತ್ತಿದ್ದೆ. ಅವರು ತಲೆ ಓರೆ ಮಾಡಿ ಗಮನವಿಟ್ಟು ಕೇಳಿದರು. ಕೇಳಿ, ಫೋನನ್ನು ನನ್ನ ಕಡೆ ಸರಿಸಿ, "ಅಂಗಡಿಯವರನ್ನ ಕೇಳಾಕ ಹತ್ಯಾರ ತಂಗಿ, ನೀನ ಮಾತಾಡು" ಎಂದು ಹೇಳಿ ಸೂಜಿ ಎತ್ತಿಕೊಂಡರು.

ಆ ಕಡೆ ಹೆಂಗಸು ಕಾಯುತ್ತಿದ್ದಳು. ನಾನು ಫೋನನ್ನು ಕಿವಿಗೆ ಹಿಡಿದು, "ಹೌದ್ರಿ, ಹಂಪವ್ವ ಕೌದಿ. ಹೇಳ್ರಿ" ಅಂದೆ.